ಆಂಜನಮ್ಮನ ಸೇಲಿಂಗ್

"ನಾನು ಹೇಳಲ್ಲ ಮಿಸ್, ಅದು ಸುಳ್ಳು," ಎಂದು ಆಂಜನಮ್ಮ ಪುಸ್ತಕ ಮುಚ್ಚಿಬಿಟ್ಟರು.

ಹಮೀದಾ ಮಿಸ್‌ಗೆ ನಗು ಬಂತು. ಹಲಸೂರಿನ ಅವರ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ಉಳಿದವರೆಲ್ಲ 'ಐ ಹ್ಯಾವ್ ಬೀನ್ ಸೇಲಿಂಗ್ ಸಿನ್ಸ್ ಮಾರ್ನಿಂಗ್' ಎಂದು ಒಪ್ಪಿಸಿ ಆಗಿತ್ತು. ಬೆಳಗಿನಿಂದ ಹಾಯಿದೋಣಿಯಲ್ಲಿ ತೇಲುತ್ತಲೇ ಇದ್ದೇನೆ ಎಂದರ್ಥ. ಮಹಡಿಯ ಬಾಡಿಗೆಯವರ ಜತೆ ತಾವೇ ಮಾತಾಡಬೇಕೆಂದು ಈ ವಯಸ್ಸಿನಲ್ಲಿ ಕ್ಲಾಸಿಗೆ ಸೇರಿದ್ದ ಆಂಜನಮ್ಮನಿಗೆ ಮಾತ್ರ ಬಾಯಿ ಬರಲಿಲ್ಲ.

"ಈ ಹಲಸೂರು ಕೆರೆ ದಡದಲ್ಲೇ ಹುಟ್ಟಿದೋಳು ನಾನು. ಒಂದ್ಸಲಾನೂ ದೋಣಿ ಹತ್ತಿಲ್ಲ. ಮದುವೆ ಆದಾಗಿಂದ ಕೇಳ್ತಾನೇ ಇದೀನಿ, ನಮ್ಮೆಜಮಾನ್ರು 'ನೋಡಿದ ಜನ ಏನಂತಾರೆ' ಅಂತಾರೆ." ಅವರ ದನಿ ಸಣ್ಣಗಾಯಿತು. ಆ ಆಸೆ ಇನ್ನೂ ಹೋಗಿರಲಿಲ್ಲ.

ಹಮೀದಾ ಡಸ್ಟರ್ ಕೆಳಗಿಟ್ಟರು. "ನಡೀರಿ, ನಿಜ ಮಾಡ್ಕೊಂಡು ಬರೋಣ."

ಇಬ್ಬರೂ ಕೆರೆಗೆ ಬಂದು ಪೆಡಲ್ ದೋಣಿ ಹತ್ತಿ ನಾಲ್ಕು ಮಾರು ಹೋಗುವಷ್ಟರಲ್ಲಿ ದಡದ ಎಸ್‌ಟಿಡಿ ಬೂತಿನವನು ಆಂಜನಮ್ಮನ ಮನೆಗೆ ಸುದ್ದಿ ಮುಟ್ಟಿಸಿ ಆಗಿತ್ತು. ಯಜಮಾನರು ಮುನಿಆಂಜನಪ್ಪ ಏದುಸಿರು ಬಿಡುತ್ತಾ ದಡಕ್ಕೆ ಬಂದು ನಿಂತರು.

"ಲೇ, ಇಳಿಯೇ. ಜನ ನೋಡ್ತಾವ್ರೆ. ಸೆರಗು ಭದ್ರ."

ಸೆರಗಿನ ವಿಷಯದಲ್ಲಿ ಆ ಮನೆಯಲ್ಲಿ ಭಾರೀ ಕಟ್ಟುನಿಟ್ಟು. ಹೊಸ್ತಿಲು ದಾಟಿದರೆ ಭುಜದ ಸುತ್ತ ಹೊದ್ದು ಸೊಂಟಕ್ಕೆ ಸಿಕ್ಕಿಸಲೇಬೇಕು. ಅತ್ತೆ ಹಾಕಿಕೊಟ್ಟ ಪದ್ಧತಿ. ಅತ್ತೆ ಹೋದರೂ ಅದು ಹೋಗಿರಲಿಲ್ಲ.

"ಈಗ ಹೇಳಿ," ಎಂದರು ಹಮೀದಾ.

"ಇದು ಸೈಕಲ್ ತುಳಿದಂಗಾಯ್ತಲ್ಲ ಮಿಸ್. ಹಾಯಿ ಎಲ್ಲಿ?"

"ಹಾಯಿಗೆ ನಾನೆಲ್ಲಿ ಹೋಗ್ಲಮ್ಮ?"

ಆಷಾಢದ ಗಾಳಿ ಜೋರಾಗಿತ್ತು. ಆಂಜನಮ್ಮ ಒಮ್ಮೆ ದಡದತ್ತ ನೋಡಿದರು. ಆಮೇಲೆ ಪೆಡಲ್‌ನಿಂದ ಕಾಲು ತೆಗೆದು, ಸೊಂಟಕ್ಕೆ ಸಿಕ್ಕಿಸಿದ್ದ ಉದ್ದನೆಯ ಸೆರಗನ್ನು ಎಳೆದು, ಎರಡೂ ತುದಿ ಹಿಡಿದು ತಲೆಯ ಮೇಲಕ್ಕೆತ್ತಿದರು. ಹಸಿರು ಸೆರಗು ಗಾಳಿ ತುಂಬಿಕೊಂಡು ಉಬ್ಬಿತು. ಯಾರೂ ತುಳಿಯದೆ ದೋಣಿ ಮೆಲ್ಲಗೆ ಮುಂದೆ ಸರಿಯಿತು. ಆಂಜನಮ್ಮನಿಗೆ ಖುಷಿಯಲ್ಲಿ ಕಣ್ಣು ತುಂಬಿ ಬಂತು.

"ಐ ಹ್ಯಾವ್ ಬೀನ್ ಸೇಲಿಂಗ್," ಎಂದರು, ದಡಕ್ಕೆ ಕೇಳುವಂತೆ. ಬೆಳಗಿನಿಂದ ಎನ್ನಲಿಲ್ಲ. ಅದು ಸುಳ್ಳಾಗುತ್ತಿತ್ತು.

ದಡದಲ್ಲಿ ಕಡಲೆಕಾಯಿ ತಿನ್ನುತ್ತಿದ್ದವರು ಚಪ್ಪಾಳೆ ಹೊಡೆದರು. ಮುನಿಆಂಜನಪ್ಪ ಆ ಜನರ ಮುಖಗಳನ್ನು ಒಂದೊಂದಾಗಿ ನೋಡಿದರು. ಇಷ್ಟು ವರ್ಷ ಹೆದರಿದ್ದ ಮಾತನ್ನು ಅಲ್ಲಿ ಯಾರೂ ಆಡುತ್ತಿರಲಿಲ್ಲ.

ಅವರು ಹೆಗಲ ಮೇಲಿನ ಟವೆಲ್ ತೆಗೆದು, ಗಾಳಿಗೆ ಬಿಚ್ಚಿ ಹಿಡಿದು ನೋಡಿ, ದೋಣಿ ಬಾಡಿಗೆಗೆ ಕೊಡುವವನತ್ತ ತಿರುಗಿದರು.

"ಇನ್ನೊಂದು ದೋಣಿ ಐತೇನಪ್ಪಾ?"