ಹೆಣ್ಣುಗತ್ತೆಯ ಹೆಸರು

"ಲೇ ಇಂದ್ರಾಣಿ, ದಾರಿ ಬುಟ್ಟು ಅತ್ಲಾಗ್ ನಿಂತ್ಕೊ!"

ಹೆಡತಲೆ ಊರಿನ ಬೀದಿಯಲ್ಲಿ ಕೈಮುಗಿದು ಓಟು ಕೇಳುತ್ತಿದ್ದ ಇಂದ್ರಾಣಿ ಗಕ್ಕನೆ ನಿಂತಳು. ಗದರಿದವನು ಮರಿಯಯ್ಯ, ಊರೂರು ತಿರುಗಿ ಕತ್ತೆಹಾಲು ಮಾರುವವನು. ಗದರಿದ್ದು ಅವಳನ್ನಲ್ಲ, ಅಡ್ಡ ನಿಂತ ತನ್ನ ಹೆಣ್ಣುಗತ್ತೆಯನ್ನು. ಜಗಲಿ ಮೇಲಿದ್ದ ಎದುರಾಳಿ ಕಡೆಯ ಹುಡುಗರು ಬಿದ್ದು ಬಿದ್ದು ನಕ್ಕರು. ಒಬ್ಬ ಮೊಬೈಲ್ ಎತ್ತಿ ವಿಡಿಯೊ ಶುರುಮಾಡಿದ. ಪಂಚಾಯಿತಿ ಚುನಾವಣೆ ನಾಳಿದ್ದು. ಸಂಜೆಗೆಲ್ಲ ಊರ ತುಂಬಾ ಅವಳ ಮಾನ ಹರಾಜು.

"ಯಾರ ಕುಮ್ಮಕ್ಕಯ್ಯಾ ಇದು? ನನ್ನ ಹೆಸ್ರೇ ಬೇಕಾಗಿತ್ತಾ ಕತ್ತೆಗೆ?"

"ಅಯ್ಯೋ, ಇಲ್ಲ ಕಣವ್ವ. ನಮ್ ತಾತ ನಾಟ್ಕದಲ್ಲಿ ಇಂದ್ರನ ಪಾಲ್ಟು ಮಾಡೋನು. ಅವತ್ನಿಂದ ನಮ್ಮನೇಲಿ ಎಣ್ಣುಗತ್ತೆ ಅಂದ್ರೆ ಇಂದ್ರಾಣಿನೇ. ಇದ್ರವ್ವನೂ ಇಂದ್ರಾಣಿ, ಅದ್ರವ್ವನೂ ಇಂದ್ರಾಣಿ."

ನಗು ಇನ್ನೂ ಜೋರಾಯಿತು. ಇಂದ್ರಾಣಿಗೆ ಮೈಯೆಲ್ಲ ಉರಿದುಹೋಯಿತು. ಪ್ರಚಾರಕ್ಕೆಂದು ಹೆಮ್ಮರಗಾಲದಿಂದ ಬಂದಿದ್ದ ತಾಯಿ ಚಿಕ್ಕಬಸಮ್ಮ ಹಿಂದಿನಿಂದ ಸೆರಗು ಜಗ್ಗಿದಳು. "ಬುಡು ಮಗಾ, ಬಾ ಓಗುಮ." ಮಗಳು ಕೈ ಕೊಡವಿದಳು.

"ಇಲ್ಲೇ, ಎಲ್ರ ಮುಂದೆ ಬೇರೆ ಹೆಸ್ರು ಇಡು. ಇಲ್ದಿದ್ರೆ ಕತ್ತೆ ಈ ಬೀದಿ ದಾಟಲ್ಲ!"

ಅವಳ ಜೊತೆಗಿದ್ದ ನಾಗೇಂದ್ರ ನುಗ್ಗಿ ಹಗ್ಗ ಕಿತ್ತುಕೊಂಡ. ಕತ್ತೆ ಬೆದರಿ ಜಗ್ಗಾಡಿತು, ಜೊತೆಗಿದ್ದ ಅದರ ಮರಿ ತಾಯಿಯ ಹೊಟ್ಟೆಯಡಿ ಸೇರಿಕೊಂಡಿತು. ಮರಿಯಯ್ಯ ಚಿಕ್ಕಬಸಮ್ಮನ ಮುಖವನ್ನೇ ನೋಡುತ್ತಿದ್ದ. ನಾಗೇಂದ್ರ ಕತ್ತೆಗೆ ಹೊಡೆಯಲು ಕೋಲೆತ್ತಿದ. ಅಷ್ಟರಲ್ಲಿ ಚಿಕ್ಕಬಸಮ್ಮ ನಡುವೆ ಬಂದು ಅವನ ಕೈಯಿಂದ ಹಗ್ಗ ಬಿಡಿಸಿದಳು. ಕತ್ತೆಯ ಹಣೆ ಮುಟ್ಟಿ ಕಣ್ಣಿಗೊತ್ತಿಕೊಂಡಳು.

"ಅವ್ವಾ, ಏನಿದು! ವಿಡಿಯೊ ಮಾಡ್ತಾವ್ರೆ."

"ಮಾಡ್ಲಿ. ನಿನ್ಗಿಂತ ಮುಂಚೆ ಎರಡು ಕೂಸು ಮಣ್ಗಾಕಿದ್ದೆ. ನೀನುಟ್ದಾಗ ನನ್ನೆದೇಲಿ ಒಂದ್ ತೊಟ್ಟು ಆಲಿರ್ಲಿಲ್ಲ. ಇವ್ನಪ್ಪ ದಿನಾ ಇದ್ರಜ್ಜೀನ ಒಡ್ಕಂಡ್ ಬಂದು ಆಲು ಕರ್ದು ನಿನ್ ಬಾಯ್ಗಾಕ್ದ. ಕೂಸು ಉಳುದ್ರೆ ಇದ್ರ ಎಸ್ರೇ ಮಡುಗ್ತೀನಿ ಅಂತ ಅರ್ಕೆ ಕಟ್ಕಂಡೆ. ಜನ ಆಡ್ಕತಾರೆ ಅಂತ ನಿಂಗೂ ಯೋಳ್ನಿಲ್ಲ."

ಜಗಲಿ ಮೇಲೆ ಈಗ ಯಾರೂ ನಗುತ್ತಿರಲಿಲ್ಲ. ಇಂದ್ರಾಣಿ ನಾಚಿಕೆಯಿಂದ ಕುಗ್ಗಿಹೋದಳು. ಅದು ಕತ್ತೆಯ ಹೆಸರಿಗೋ, ತಾನಾಡಿದ ಮಾತಿಗೋ ಅವಳಿಗೇ ತಿಳಿಯಲಿಲ್ಲ.

ಚಿಕ್ಕಬಸಮ್ಮ ಹಗ್ಗವನ್ನು ಮರಿಯಯ್ಯನ ಕೈಗಿಟ್ಟು ಮಗಳ ಕಡೆ ತಿರುಗಿದಳು.

"ಬದ್ಲಾಯ್ಸಲೇಬೇಕು ಅಂದ್ರೆ ನಿನ್ ಎಸ್ರು ಬದ್ಲಾಯ್ಸ್ಕೊ. ಅದು ಮೊದ್ಲು ಇದ್ರುದ್ದು."