ಸುಮ್ಮನಿದ್ದರೆ ಹೋಗುವ ಪಾಳಿ

ನಮ್ಮ ಊರಿನ ಈ ವಾರ್ಡಿನಲ್ಲಿ ತೀರಿಕೊಂಡವರೆಲ್ಲ ಒಂದೇ ಕಂಪ್ಯೂಟರಿನಲ್ಲಿದ್ದಾರೆ. ಅದು ಮನೆಯವರೊಡನೆ ಮಾತಾಡಲು ಒಬ್ಬೊಬ್ಬರನ್ನೇ ಎಬ್ಬಿಸುತ್ತದೆ. ಮಾತು ನಿಂತ ಕೂಡಲೇ ಮಲಗಿಸಿ, ಮುಂದಿನವರಿಗೆ ಪಾಳಿ ಕೊಡುತ್ತದೆ. ನನ್ನ ಗಂಡ ಶಿವಯೋಗಿ ಎದ್ದಾಗಲೆಲ್ಲ ನಾನು ಸುಮ್ಮನೆ ಕೂತಿರುತ್ತಿದ್ದೆ. ಅವನಿದ್ದಾಗಲೂ ಸಂಜೆ ನಾವಿಬ್ಬರೂ ಹಾಗೆಯೇ ಕೂರುತ್ತಿದ್ದೆವು.

ಇಂದು ಯಂತ್ರ ನೋಡಿಕೊಳ್ಳುವ ಗಂಗವ್ವ ಗದರಿದಳು: "ಏನರ ಮಾತಾಡ್ರಿ ಬಾಯಾರ! ಇನ್ನೊಮ್ಮೆ ಸುಮ್ನ ಕುಂತ್ರ, ಇಂವ ಯಾರಿಗೂ ಬ್ಯಾಡಾದಾಂವ ಅಂತ ತಿಳದು ಯಂತ್ರ ಅಳಿಸೇ ಬಿಡತೈತಿ."

ಪರದೆಯ ಮೇಲೆ ಶಿವಯೋಗಿ ಕಣ್ಣು ತೆರೆದ. ನನಗೆ ಬೇರೇನೂ ಹೊಳೆಯಲಿಲ್ಲ.

"ಊಟ ಆತೇನು?" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ಆತು. ನಿಂದು?"

"ಆತು" ಎಂದು ನಾನೂ ಸುಳ್ಳು ಹೇಳಿದೆ. ಅವನು ಸುಮ್ಮನಾಗುವ ಮೊದಲೇ ಕೇಳಿದೆ: "ಏನ್ ಉಂಡಿ?"