ಎದೆಗೆ ಮೆತ್ತಿದ ಮಣ್ಣು

ಭಯವಾದರೆ ಎಲ್ಲರ ಎದೆಯೂ ಹೊಳೆಯುತ್ತದೆ. ಹೆಂಗಸರು, ಮಕ್ಕಳು ಹೊಳೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಗಂಡಸು ಹೊಳೆದರೆ ಊರೇ ನಗುತ್ತದೆ. ಅದಕ್ಕೇ ದಾವಣಗೆರೆಯ ಪೈಲ್ವಾನರು ಅಖಾಡಕ್ಕೆ ಇಳಿಯುವ ಮುಂಚೆ ಎದೆಗೆ ಕೆಮ್ಮಣ್ಣು ದಪ್ಪಗೆ ಮೆತ್ತಿಕೊಳ್ಳುತ್ತಾರೆ.

ನಿಂಗರಾಜನಿಗೆ ಇವತ್ತು ಮೊದಲ ಕುಸ್ತಿ. ಕೈ ಕುಲುಕುವಾಗಲೇ ಬೆವರಿಗೆ ಮಣ್ಣು ಕಳಚಿ, ಅವನ ಎದೆ ಲಾಟೀನಿನ ಹಾಗೆ ಹೊಳೆಯಿತು.

“ಥೂ, ಸೀರೆ ಉಟ್ಕಂಡು ಬಾರೋ!” ಜನ ಕೂಗಿದರು.

ಎದುರಾಳಿ ದಾದಾಪೀರ್ ಇದುವರೆಗೂ ಸೋತವನೇ ಅಲ್ಲ. ಅವನು ತನ್ನ ಎದೆಯ ಮಣ್ಣನ್ನೇ ಎರಡೂ ಕೈಯಿಂದ ಕೆರೆದು, ನಿಂಗರಾಜನ ಎದೆಗೆ ಹಗುರವಾಗಿ ಸವರಿದ.

ದಾದಾಪೀರನ ಬರಿ ಎದೆ ನಿಂಗರಾಜನದಕ್ಕಿಂತ ಜೋರಾಗಿ ಹೊಳೆಯುತ್ತಿತ್ತು.

“ನಂಗೂ ಪ್ರತಿ ಸಲ ಹಿಂಗೇ ತಮ್ಮಾ,” ಎಂದ ದಾದಾಪೀರ್. “ಬಾ, ಹಿಡಿ.”